ತೂಕದ ಮುಂದೆ ದೇವರ ಚಿತ್ತ

ಕಲಬುರಗಿಯ ನೆಹರು ಗಂಜ್ ಎಂದರೆ ತೊಗರಿ ವ್ಯಾಪಾರ. ರಾಶಿ ಮುಗಿಯುತ್ತಲೇ ಸುತ್ತಲಿನ ಹಳ್ಳಿಗಳಿಂದ ಚೀಲಗಳು ಬಂದು ಬೀಳುತ್ತವೆ. ಅಡತಿ ಅಂಗಡಿಯವರು ಕಾಳನ್ನು ಅಂಗೈಯಲ್ಲಿ ಹರವಿ ನೋಡುತ್ತಾರೆ, ಹಮಾಲರು ಚೀಲ ಹೊತ್ತು ತೂಕಕ್ಕಿಡುತ್ತಾರೆ. ಇಲ್ಲಿ ಒಬ್ಬ ಕ್ರೈಸ್ತ ವ್ಯಾಪಾರಿ ಇದ್ದಾನೆಂದು ಇಟ್ಟುಕೊಳ್ಳೋಣ. ‘ದೇವರೇ, ನಿನ್ನ ಚಿತ್ತವೇನೆಂದು ತಿಳಿಸು’ ಎಂದು ದಿನವೂ ಪ್ರಾರ್ಥಿಸಿ ಅಂಗಡಿ ತೆರೆಯುತ್ತಾನೆ. ಈ ವರ್ಷ ಮಾಲು ಹಿಡಿದಿಡಬೇಕೋ ಮಾರಬೇಕೋ, ಮಗಳನ್ನು ಯಾವ ಮನೆಗೆ ಕೊಡಬೇಕು, ಇವು ಅವನ ಪ್ರಶ್ನೆಗಳು. ಸತ್ಯವೇದದ, ಅಂದರೆ ಬೈಬಲ್ಲಿನ, ಯಾವ ಪುಟ ತಿರುವಿದರೂ ಇವಕ್ಕೆ ನೇರ ಉತ್ತರ ಸಿಗುವುದಿಲ್ಲ.

ಆದರೆ ಅವನು ಕೇಳದೇ ಇದ್ದ ಪ್ರಶ್ನೆಗೆ ಅಲ್ಲಿ ಖಚಿತ ಉತ್ತರವಿದೆ. ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು ಎಂದು ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬಾರದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಬಡ ಕೂಲಿಕಾರನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬ ಮಾತೂ ಅದೇ ಗ್ರಂಥದಲ್ಲಿದೆ. ಅಳತೆ ಕುಗ್ಗಿಸಿ, ಬೆಲೆ ಹಿಗ್ಗಿಸಿ, ಗೋದಿಯ ಜೊತೆ ಹೊಟ್ಟನ್ನೂ ಮಾರುವವರ ಮೇಲೆ ಪ್ರವಾದಿ ಆಮೋಸ ಹರಿಹಾಯುತ್ತಾನೆ. ಧೂಳು, ತೇವದ ನೆಪ ಹೇಳಿ ರೈತನ ತೂಕ ಮುರಿಯುವ ಆಸೆ ಬಂದಾಗ ದೇವರ ಚಿತ್ತ ಏನೆಂದು ಕೇಳಬೇಕಾಗಿಯೇ ಇಲ್ಲ.

ಕ್ರೈಸ್ತ ಚಿಂತನೆಯ ಒಂದು ಮುಖ್ಯ ವಿಂಗಡಣೆ ಇಲ್ಲಿಂದ ಹುಟ್ಟುತ್ತದೆ. ದೇವರ ಚಿತ್ತದಲ್ಲಿ ಮರೆಯಾಗಿರುವುದು ಒಂದು, ತೆರೆದಿಟ್ಟಿರುವುದು ಇನ್ನೊಂದು. ಮರೆಯಾಗಿರುವುದು ದೇವರಿಗೆ ಸೇರಿದ್ದು, ತೆರೆದಿಟ್ಟದ್ದು ಮನುಷ್ಯ ನಡೆದು ತೋರಿಸಲಿಕ್ಕೆ ಇರುವುದು ಎಂದು ಮೋಶೆಯ ಬಾಯಲ್ಲಿ ಧರ್ಮೋಪದೇಶಕಾಂಡವೇ ಹೇಳಿಸುತ್ತದೆ. ಕಣ್ಣು ಮುಚ್ಚಿ ಪುಟ ತೆರೆದು, ಬೆರಳಿಟ್ಟ ವಾಕ್ಯದಲ್ಲಿ ನಾಳಿನ ಭವಿಷ್ಯ ಹುಡುಕುವವನು ಶಾಸ್ತ್ರವನ್ನು ಪಂಚಾಂಗ ಮಾಡಿಕೊಳ್ಳುತ್ತಾನೆ. ನಾಳೆ ಏನಾದೀತು ಎಂಬುದನ್ನು ಶಾಸ್ತ್ರ ತಿಳಿಸುವುದಿಲ್ಲ; ನಾಳೆ ಏನೇ ಆದರೂ ನಾವು ಎಂಥವರಾಗಿರಬೇಕು ಎಂಬುದನ್ನು ತಿಳಿಸುತ್ತದೆ. ಮಾಲು ಹಿಡಿಯುವ, ಮಾರುವ ನಿರ್ಧಾರವನ್ನು ವ್ಯಾಪಾರಿ ತನ್ನ ಬುದ್ಧಿಯಿಂದಲೇ ಮಾಡಬೇಕು. ಆ ಬುದ್ಧಿ ನೇರವಾಗಿರುವಂತೆ ತಿದ್ದುವುದು ವಾಕ್ಯದ ಕೆಲಸ.

ಹಾಗಾದರೆ ವಾಕ್ಯಕ್ಕೆ ಸುಮ್ಮನೆ ವಿಧೇಯನಾಗಿದ್ದರೆ ಸಾಲದೇ, ಅದನ್ನು ಪ್ರೀತಿಯಿಂದಲೇ ನಡೆಸಬೇಕು ಎನ್ನುವುದು ಯಾಕೆ? ನಾಲ್ಕನೆಯ ಶತಮಾನದ ಕೈಸರೈಯದ ಬಿಷಪ್ ಬಸಿಲ್ ವಿಧೇಯತೆಯಲ್ಲಿ ಮೂರು ಬಗೆ ಕಂಡರು. ಶಿಕ್ಷೆಗೆ ಹೆದರಿ ಮಾತು ಕೇಳುವವನು ಗುಲಾಮ, ಪ್ರತಿಫಲಕ್ಕೆ ಕೇಳುವವನು ಕೂಲಿಯವನು, ತಂದೆಯ ಮೇಲಿನ ಪ್ರೀತಿಯಿಂದ ಕೇಳುವವನು ಮಗ. ತಪಾಸಣೆಯ ಭಯಕ್ಕೆ ತೂಕ ಸರಿಯಿಟ್ಟವನು ಅಧಿಕಾರಿ ಅತ್ತ ಹೋದೊಡನೆ ಬದಲಾಗುತ್ತಾನೆ. ಒಳ್ಳೆಯ ಹೆಸರು ಬಂದರೆ ಗಿರಾಕಿ ಹೆಚ್ಚುತ್ತಾರೆಂದು ಸರಿಯಿಟ್ಟವನು ನಷ್ಟ ಕಂಡ ದಿನ ಬದಲಾಗುತ್ತಾನೆ. ಎದುರಿಗಿರುವ ರೈತನೂ ದೇವರ ಮಗು ಎಂದು ಬಗೆದವನ ತೂಕಕ್ಕೆ ಕಾವಲು ಬೇಡ.

ಬೈಬಲ್ಲಿನ ಅತಿ ದೊಡ್ಡ ಅಧ್ಯಾಯವಾದ 119ನೆಯ ಕೀರ್ತನೆ ಈ ಪ್ರೀತಿಯದೇ ಹಾಡು. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಎಂಟೆಂಟರಂತೆ ಅದರಲ್ಲಿ 176 ವಚನಗಳಿವೆ. ಹೆಚ್ಚುಕಡಿಮೆ ಪ್ರತಿಯೊಂದರಲ್ಲೂ ದೇವರ ನಿಯಮ, ಆಜ್ಞೆ, ವಾಕ್ಯದ ಹೆಸರು ಬರುತ್ತದೆ. ಕಟ್ಟಳೆಯನ್ನು ಯಾರಾದರೂ ಇಷ್ಟು ಹಾಡಿ ಹೊಗಳುತ್ತಾರೆಯೇ? ಆ ಕವಿಗೆ ಆಜ್ಞೆಯ ಹಿಂದೆ ಆಜ್ಞಾಪಿಸಿದವನ ಮುಖ ಕಾಣುತ್ತಿತ್ತು. ಯೋಹಾನನ ಸುವಾರ್ತೆಯಲ್ಲಿ ಯೇಸು ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತಾನೆ: ತನ್ನ ಮೇಲೆ ಪ್ರೀತಿಯಿರುವವರು ತನ್ನ ಮಾತನ್ನು ನಡೆಸುತ್ತಾರೆ. ವಿಧೇಯತೆಯಿಲ್ಲದ ಪ್ರೀತಿ ಬರೀ ಭಾವುಕತೆ, ಪ್ರೀತಿಯಿಲ್ಲದ ವಿಧೇಯತೆ ಬರೀ ಬಿಗುಮಾನ. ಒಂದರ ದೋಷವನ್ನು ಇನ್ನೊಂದು ತಿದ್ದಬೇಕು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಗ್ರಂಥ ಹೇಳಿತೆಂದು ಮಾಡಿದ ಅನ್ಯಾಯಗಳು ಲೋಕದಲ್ಲಿ ಕಡಿಮೆಯೇನಲ್ಲ. ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಅದಕ್ಕೆ ಬೈಬಲ್ಲಿನ ವಾಕ್ಯಗಳನ್ನೇ ಆಧಾರವಾಗಿ ತೋರಿಸುತ್ತಿದ್ದರು. ಗುಲಾಮಗಿರಿ ತೊಲಗಲೆಂದು ಹೋರಾಡಿದವರ ಕೈಯಲ್ಲೂ ಅದೇ ಬೈಬಲ್ ಇತ್ತು. ಈ ಅಪಾಯ ಬೈಬಲ್ಲಿಗೇ ಗೊತ್ತು. ಮತ್ತಾಯನ ಸುವಾರ್ತೆಯಲ್ಲಿ ಯೇಸುವನ್ನು ಪರೀಕ್ಷಿಸುವ ಸೈತಾನನೂ ಕೀರ್ತನೆಯ ವಾಕ್ಯವನ್ನೇ ಹೇಳುತ್ತಾನೆ. ವಾಕ್ಯ ಬಾಯಿಗೆ ಬಂದ ಮಾತ್ರಕ್ಕೆ ದೇವರ ಚಿತ್ತ ಕೈಗೆ ಸಿಗುವುದಿಲ್ಲ. ಅದಕ್ಕೆ ಸಂತ ಅಗಸ್ಟೀನ್ ಒಂದು ಒರೆಗಲ್ಲು ಕೊಟ್ಟರು. ದೇವರ ಮೇಲಿನ ಪ್ರೀತಿಯನ್ನೂ ನೆರೆಯವನ ಮೇಲಿನ ಪ್ರೀತಿಯನ್ನೂ ಬೆಳೆಸದ ಅರ್ಥ ಎಷ್ಟೇ ಪಾಂಡಿತ್ಯದ್ದಾಗಿದ್ದರೂ ಅದು ಶಾಸ್ತ್ರವನ್ನು ಅರಿತದ್ದಲ್ಲ. ನೆರೆಯವನು ಯಾರು ಎಂದು ಕೇಳಿದ ಧರ್ಮೋಪದೇಶಕನಿಗೆ ಯೇಸು ವ್ಯಾಖ್ಯಾನ ಕೊಡಲಿಲ್ಲ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆ ಹೇಳಿ, ಹೋಗಿ ಹಾಗೆಯೇ ಮಾಡೆಂದ.

ಅರ್ಥ ಹೇಳುವವರು ಯಾರು ಎಂಬಲ್ಲಿ ಕ್ರೈಸ್ತರಲ್ಲೇ ಒಮ್ಮತವಿಲ್ಲ. 1521ರಲ್ಲಿ ವರ್ಮ್ಸ್ ನಗರದ ಸಾಮ್ರಾಜ್ಯ ಸಭೆಯ ಮುಂದೆ ಮಾರ್ಟಿನ್ ಲೂಥರ್ ತನ್ನ ಅಂತಃಸಾಕ್ಷಿ ದೇವರ ವಾಕ್ಯಕ್ಕೆ ಕಟ್ಟುಬಿದ್ದಿದೆ ಎಂದು ನಿಂತರು. ಶಾಸ್ತ್ರವೂ ಸಭೆಯ ಪರಂಪರೆಯೂ ಜೊತೆಗೇ ಸಾಗಬೇಕೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. 2005ರಲ್ಲಿ ಧರ್ಮಪ್ರಾಂತ್ಯವಾದ ಕಲಬುರಗಿಯ ಕ್ಯಾಥೊಲಿಕರೂ, ಈ ಭಾಗದ ಮೆಥಡಿಸ್ಟ್ ಸಭೆಯವರೂ ಈ ಎರಡು ಧಾರೆಗಳ ವಾರಸುದಾರರು. ಆದರೆ ಓದಿದ್ದು ಬಾಳಿಗೆ ಇಳಿಯಬೇಕು ಎಂಬಲ್ಲಿ ಇಬ್ಬರದೂ ಒಂದೇ ಮಾತು. ಅರ್ಥವಾಗದ್ದನ್ನು ನಡೆಸಲಾಗದು ಎಂಬ ಕಾರಣಕ್ಕೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ಕೈಹಾಕಿದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು.

ನುಡಿಗೂ ನಡೆಗೂ ನಡುವೆ ಬಿರುಕಿರಬಾರದು ಎಂಬುದು ಶರಣರ ನಾಡಾದ ಕಲಬುರಗಿಗೆ ಹೊಸ ಪಾಠವಲ್ಲ. ಕ್ರೈಸ್ತ ಧರ್ಮದ ವಿಶೇಷವೆಂದರೆ, ಆ ನುಡಿ ಮೊದಲು ದೇವರದು, ಪ್ರೀತಿಯಿಂದ ಆಡಿದ್ದು ಎಂಬ ನಂಬಿಕೆ. ಮನುಷ್ಯನ ನಡೆ ಅದಕ್ಕೆ ಕೊಡುವ ಉತ್ತರ. ಹಾಗಾಗಿ ದೇವರ ಚಿತ್ತ ತಿಳಿಯುತ್ತಿಲ್ಲವೆಂದು ಕೊರಗುವವರು ಮೊದಲು, ತಿಳಿದಿರುವಷ್ಟನ್ನು ನಡೆಸಿದ್ದೇವೆಯೇ ಎಂದು ಕೇಳಿಕೊಳ್ಳಲಿ. ಹಮಾಲನ ಕೂಲಿ ಬಾಕಿಯಿದ್ದರೆ ಅದನ್ನು ಚುಕ್ತಾ ಮಾಡಿ ಆಮೇಲೆ ಪ್ರಾರ್ಥನೆಗೆ ಕೂರಲಿ.