ಅಂಕ ಕೊಡುವವನು ಯಾರು?

ಬೀದಿಯಲ್ಲಿ ಕುಣಿಯೋರಿಗೆ ಒಂದು ದಿನ ದೊಡ್ಡೋರ ಅಂಗಳದಿಂದ ಕರೆ ಬರುತ್ತದೆ. ಹೋಗಬೇಕೋ, ಬೇಡವೋ? ಗೆಳೆಯರೇ, ಇದು ಬರೀ ಕುಣಿತದ ಪ್ರಶ್ನೆಯಲ್ಲ.

ಬ್ರೇಕ್ ಡಾನ್ಸ್ ಹುಟ್ಟಿದ್ದು 1970ರ ದಶಕದಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಹೆದ್ದಾರಿ ಹಾಯಿಸಲು ಬಡವರ ಮನೆ ಕೆಡವಿದ ಜಾಗ ಅದು. ಉಳಿದ ಕಟ್ಟಡಗಳೂ ಒಂದೊಂದಾಗಿ ಬೆಂಕಿಗೆ ಬಿದ್ದವು. ಅಲ್ಲಿನ ಕಪ್ಪು ಮತ್ತು ಪೋರ್ಟೊರಿಕನ್ ಹುಡುಗರಿಗೆ ರಂಗಮಂದಿರವಿರಲಿಲ್ಲ, ಗುರುವಿರಲಿಲ್ಲ. ಜಮೈಕಾದಿಂದ ವಲಸೆ ಬಂದ ಕೂಲ್ ಹರ್ಕ್, ಹಾಡಿನ ನಡುವೆ ಬರೀ ತಾಳ ಉಳಿಯುವ ತುಣುಕನ್ನು ಎರಡು ಗ್ರಾಮಾಫೋನ್ ಪ್ಲೇಟುಗಳಿಂದ ಮತ್ತೆ ಮತ್ತೆ ನುಡಿಸಿದ. ಆ ತುಣುಕಿಗೆ ಬ್ರೇಕ್ ಅಂತ ಹೆಸರು. ನೆಲದ ಮೇಲೆ ರಟ್ಟು ಹಾಸಿದರೆ ಅದೇ ರಂಗಸ್ಥಳ. ಸುತ್ತ ನಿಂತ ಜನರೇ ತೀರ್ಪುಗಾರರು.

ಅರ್ಧ ಶತಮಾನ ಕಳೆದು, 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಈ ಕುಣಿತಕ್ಕೆ ಬಾಗಿಲು ತೆರೆಯಿತು. ಜಪಾನಿನ ಆಮಿ, ಕೆನಡಾದ ಫಿಲಿಪ್ ಕಿಮ್ ಚಿನ್ನ ಗೆದ್ದರು. ತಲೆಯೂರಿ ಗಿರಗಿರ ತಿರುಗಲು ವರ್ಷಗಟ್ಟಲೆ ಮೈ ಸವೆಸಿದವರು ಇವರು. ಅವರ ಬೆವರನ್ನು ನಾನು ಹೀಗಳೆಯಲಾರೆ. ಆದರೆ ಬಾಗಿಲ ಕೀಲಿಕೈ ಯಾರ ಹತ್ತಿರ ಇತ್ತು? ಬಾಲ್‌ರೂಮ್ ನೃತ್ಯದ ಸ್ಪರ್ಧೆಗಳನ್ನು ನಡೆಸಿಕೊಂಡು ಬಂದ ಜಾಗತಿಕ ಸಂಸ್ಥೆಯ ಹತ್ತಿರ. ಅಂಕ ಕೊಡಲು ಕೂತ 9 ಮಂದಿ ಬ್ರೇಕಿಂಗ್ ಬಲ್ಲವರೇ, ನಿಜ. ಪೀಠ ಮಾತ್ರ ಅವರದಲ್ಲ.

ತಾಲಿಬಾನ್ ಆಳ್ವಿಕೆಯಿಂದ ತಪ್ಪಿಸಿಕೊಂಡು ಸ್ಪೇನ್ ಸೇರಿದ ಮನಿಝಾ ತಲಾಶ್ ನಿರಾಶ್ರಿತರ ತಂಡದಿಂದ ಕಣಕ್ಕಿಳಿದಳು. ಆಫ್ಘನ್ ಹೆಣ್ಣುಮಕ್ಕಳನ್ನು ಬಿಡುಗಡೆ ಮಾಡಿ ಎಂಬ ಬರಹವನ್ನು ಬೆನ್ನಿಗೆ ರೆಕ್ಕೆಯಂತೆ ಕಟ್ಟಿಕೊಂಡು ಕುಣಿದಳು. ರಾಜಕೀಯ ಘೋಷಣೆ ಅಂತ ಅವಳನ್ನು ಅನರ್ಹಗೊಳಿಸಿದರು. ಅಲ್ರೀ, ಸುಟ್ಟ ಕೇರಿಯಲ್ಲಿ ಹುಟ್ಟಿದ ಕುಣಿತದಿಂದ ರಾಜಕೀಯ ತೆಗೆದರೆ ಉಳಿಯೋದೇನು? ಬರೀ ಕಸರತ್ತು.

ಇನ್ನೊಂದು ಮಾತು. 2028ರ ಒಲಿಂಪಿಕ್ಸ್ ಲಾಸ್ ಏಂಜಲಿಸ್‌ನಲ್ಲಿ, ಅಂದರೆ ಈ ಕುಣಿತ ಹುಟ್ಟಿದ ದೇಶದಲ್ಲಿ. ಆ ಪಟ್ಟಿಯಲ್ಲಿ ಕ್ರಿಕೆಟ್ಟಿಗೆ ಜಾಗವಿದೆ, ಬ್ರೇಕಿಂಗ್‌ಗೆ ಇಲ್ಲ. ಇದು ತೀರ್ಮಾನವಾದದ್ದು 2023ರಲ್ಲೇ. ಪ್ಯಾರಿಸ್ಸಿನಲ್ಲಿ ಕುಣಿದವರು, ಮುಂದಿನ ಸಲ ತಮಗೆ ಕರೆಯಿಲ್ಲ ಅಂತ ಗೊತ್ತಿದ್ದೇ ಕುಣಿದರು.

ಹಾಗಾದರೆ ಹೋಗಲೇಬಾರದಿತ್ತೇ? ಹಾಗನ್ನಲು ನನಗೆ ಬಾಯಿ ಬರುವುದಿಲ್ಲ. ಬೇಡ ಅನ್ನೋ ಸುಖ ಹೊಟ್ಟೆ ತುಂಬಿದವರದು. ಮೈಯೊಂದೇ ಬಂಡವಾಳವಾದವರು ಹೋಗಲಿ, ಗೆಲ್ಲಲಿ. ಆದರೆ ಮನ್ನಣೆ ಬೇರೆ, ಘನತೆ ಬೇರೆ. ಮನ್ನಣೆಯನ್ನು ಕೊಟ್ಟವನು ಕಿತ್ತುಕೊಳ್ಳಬಲ್ಲ. ಘನತೆ ಆ ರಟ್ಟಿನ ಮೇಲೆ, ಆ ಜನರ ನಡುವೆ ಮೊದಲೇ ಇತ್ತು. ಫಲಿತಾಂಶದ ಪಟ್ಟಿಯಲ್ಲಿ ಮನಿಝಾಳ ಹೆಸರಿನ ಮುಂದೆ ಅನರ್ಹಳು ಅಂತಿದೆ. ಬ್ರಾಂಕ್ಸ್‌ನ ಆ ಹುಡುಗರ ನಡುವೆ ಕುಣಿದಿದ್ದರೆ, ಅವಳಿಗೆ ಎಷ್ಟು ಅಂಕ ಸಿಗುತ್ತಿತ್ತು?