ತಡವಾಗಿ ಬಂದ ಚಿನ್ನ

ಓಟದಲ್ಲಿ ಮೊದಲು ಗುರಿ ಮುಟ್ಟಿದವರು ಗೆದ್ದರು, ಉಳಿದವರು ಸೋತರು. ಮಗುವಿಗೂ ಅರ್ಥವಾಗುವ ಈ ಲೆಕ್ಕವನ್ನು ನಾವು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಆದರೆ, ಪ್ರಿಯ ಓದುಗರೇ, ಮೊದಲು ಬಂದವರು ಮೋಸದಿಂದ ಬಂದರೆಂದು ಹಲವು ವರ್ಷಗಳ ತರುವಾಯ ತಿಳಿದುಬಂದರೆ ಆ ದಿನದ ಗೆಲುವು ಯಾರದು? ಸೋತೆನೆಂದು ತಲೆತಗ್ಗಿಸಿ ಮನೆಗೆ ಮರಳಿದವರಿಗೆ ನಾವು ಏನನ್ನು ಹಿಂದಿರುಗಿಸಬಲ್ಲೆವು? ಈ ಪ್ರಶ್ನೆ ದೂರದ ದೇಶಗಳ ದೊಡ್ಡ ಕ್ರೀಡಾಂಗಣಗಳಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಶಿಕಾರಿಪುರದಲ್ಲೋ ಸೊರಬದಲ್ಲೋ ನಸುಕಿನಲ್ಲಿ ಎದ್ದು ಶಾಲೆಯ ಮೈದಾನದಲ್ಲಿ ಬರಿಗಾಲಿನಲ್ಲಿ ಓಡುವ ಹುಡುಗ ಹುಡುಗಿಯರ ಬದುಕಿಗೂ ಇದು ಸೇರಿದ್ದು.

ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಆರಂಭವಾದದ್ದು 1983ರಲ್ಲಿ, ಹೆಲ್ಸಿಂಕಿ ನಗರದಲ್ಲಿ. ಅದರಲ್ಲಿ ಭಾರತಕ್ಕೆ ಮೊದಲ ಪದಕ ದೊರೆಯಲು ಇಪ್ಪತ್ತು ವರ್ಷಗಳು ಬೇಕಾದವು. ಕೇರಳದಲ್ಲಿ ಹುಟ್ಟಿ ಬೆಂಗಳೂರನ್ನು ತಮ್ಮ ಮನೆಯಾಗಿಸಿಕೊಂಡ ಅಂಜು ಬಾಬಿ ಜಾರ್ಜ್ 2003ರಲ್ಲಿ ಪ್ಯಾರಿಸ್ಸಿನಲ್ಲಿ 6.70 ಮೀಟರ್ ಉದ್ದ ಜಿಗಿದು ಕಂಚು ಪಡೆದರು. 2005ರಲ್ಲಿ ಮೊನಾಕೊದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಫೈನಲ್‌ನಲ್ಲಿ ಅವರು 6.75 ಮೀಟರ್ ಜಿಗಿದು ಎರಡನೆಯವರಾದರು. ಮೊದಲ ಸ್ಥಾನ ರಷ್ಯಾದ ತಾತ್ಯಾನಾ ಕೊತೊವಾ ಅವರದಾಯಿತು. ಅದೇ ವರ್ಷ ಹೆಲ್ಸಿಂಕಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೊತೊವಾ ಅವರಿಂದ ಪಡೆದು ಕಾಪಿಟ್ಟಿದ್ದ ಮಾದರಿಯನ್ನು ವರ್ಷಗಳ ನಂತರ ಹೊಸ ವಿಧಾನದಿಂದ ಮತ್ತೆ ಪರೀಕ್ಷಿಸಿದಾಗ ನಿಷೇಧಿತ ಮದ್ದು ಪತ್ತೆಯಾಯಿತು. 2014ರಲ್ಲಿ ಅಂಜು ಅವರ ಬೆಳ್ಳಿ ಚಿನ್ನವಾಯಿತು.

ನ್ಯಾಯ ದೊರೆಯಿತು ಎನ್ನೋಣವೇ? ಪಟ್ಟಿಯಲ್ಲಿ ಹೆಸರು ಮೇಲಕ್ಕೆ ಬಂದಿತು, ನಿಜ. ಆದರೆ 2005ರ ಆ ದಿನ ಮತ್ತೆ ಬರಲಿಲ್ಲ. ಮೊದಲ ಸ್ಥಾನದಲ್ಲಿ ನಿಲ್ಲುವ ಆ ಗಳಿಗೆ, ನೆರೆದವರ ಕರತಾಡನ, ಹೆತ್ತವರ ಕಣ್ಣಿನ ಬೆಳಕು ಯಾವುದನ್ನೂ ಅಂಚೆಯಲ್ಲಿ ಕಳುಹಿಸಲಾಗದು. 2017ರಲ್ಲಿ ಲಂಡನ್ನಿನ ಚಾಂಪಿಯನ್‌ಷಿಪ್‌ನಲ್ಲಿ ಹೀಗೆ ಪದಕ ತಪ್ಪಿಹೋಗಿದ್ದ ಹಲವರನ್ನು ಕರೆಸಿ, ಕ್ರೀಡಾಂಗಣದಲ್ಲೇ ಪದಕ ನೀಡಿ ಗೌರವಿಸಲಾಯಿತು. ಅದು ಒಳ್ಳೆಯ ಪ್ರಾಯಶ್ಚಿತ್ತವೇ. ಆದರೂ ಕದ್ದ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬಹುದು, ಕದ್ದ ದಿನವನ್ನು ಹಿಂದಿರುಗಿಸುವ ಬಗೆ ಮನುಷ್ಯನಿಗೆ ತಿಳಿದಿಲ್ಲ. ಮದ್ದು ಸೇವಿಸಿ ಓಡುವವನು ನಿಯಮ ಮುರಿಯುವುದರ ಜೊತೆಗೆ, ತನಗೆ ಪರಿಚಯವೇ ಇಲ್ಲದ ಒಬ್ಬ ಮನುಷ್ಯನ ಬದುಕಿನ ಅತ್ಯಂತ ಬೆಲೆಬಾಳುವ ಒಂದು ದಿನವನ್ನು ಅಪಹರಿಸುತ್ತಾನೆ. ಅವನ ಪಾಪದ ತೂಕವಿರುವುದು ಇಲ್ಲಿ.

ಆದರೆ ತಪ್ಪಿತಸ್ಥರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸುಲಭವಲ್ಲ. ನಮ್ಮ ಘಟ್ಟದ ಕೆಳಗಿನ ಕುಂದಾಪುರ ಸೀಮೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜೆಯವರನ್ನು ನೆನೆಯಿರಿ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ಓಟದಲ್ಲಿ ಚಿನ್ನ. ಮುಂದಿನ ತಿಂಗಳಲ್ಲೇ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ನಾಡೇ ಹಿಗ್ಗಿತು. 2011ರಲ್ಲಿ ಅವರೂ ಕೆಲವು ಸಹ ಓಟಗಾರ್ತಿಯರೂ ಮದ್ದಿನ ಪರೀಕ್ಷೆಯಲ್ಲಿ ಸಿಲುಕಿದರು. ವಿದೇಶಿ ತರಬೇತುದಾರರು ಕೊಟ್ಟ ಪೂರಕ ಆಹಾರದಲ್ಲಿ ಅದು ಬೆರೆತಿತ್ತು, ನಮಗೆ ತಿಳಿಯದು ಎಂದು ವಾದಿಸಿದರು. ಮೊದಲು ಒಂದು ವರ್ಷದ ನಿಷೇಧ ಬಂದಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಏನು ಹೋಯಿತೋ ಅದಕ್ಕೆ ಆ ಕ್ರೀಡಾಪಟುವೇ ಹೊಣೆ ಎಂಬುದು ಕ್ರೀಡಾಲೋಕದ ಕಟ್ಟುನಿಟ್ಟಿನ ನಿಯಮ. ನಿಯಮ ಹಾಗಿರಲೇಬೇಕು, ಇಲ್ಲವಾದರೆ ಎಲ್ಲರೂ ಅರಿಯೆನೆಂಬ ನೆಪದಲ್ಲಿ ತಪ್ಪಿಸಿಕೊಂಡಾರು. ಆದರೆ ನಮ್ಮ ಮನಸ್ಸಾಕ್ಷಿ ಇನ್ನೊಂದು ಮಾತನ್ನೂ ಕೇಳಬೇಕು. ಹಳ್ಳಿಯಿಂದ ಬಂದ ತರುಣಿ ಗುರುವನ್ನು ನಂಬಬೇಕೆಂದು ಕಲಿಸಿದವರು ನಾವೇ ಅಲ್ಲವೇ? ಶಿಕ್ಷೆ ಓಟಗಾರ್ತಿಯದಾಗಬಹುದು, ಹೊಣೆ ಆಕೆಯ ಸುತ್ತ ನಿಂತವರೆಲ್ಲರದು.

‘ಎಲ್ಲರೂ ತೆಗೆದುಕೊಂಡರೆ ಸಮವಾಯಿತಲ್ಲ, ನಿಷೇಧವೇಕೆ?’ ಎನ್ನುವವರೂ ಉಂಟು. ಹಾಗಾದ ದಿನ ಸ್ಪರ್ಧೆ ಓಟಗಾರರ ನಡುವೆ ಉಳಿಯದು. ಔಷಧ ತಯಾರಿಸುವವರ ನಡುವಿನ ಸ್ಪರ್ಧೆಯಾದೀತು, ಮಕ್ಕಳ ದೇಹವೇ ಅದಕ್ಕೆ ಮೈದಾನವಾದೀತು. ಆ ಪಂದ್ಯದಲ್ಲಿ ಬಡವನಿಗೆ ಗೆಲುವೆಂಬುದೇ ಇಲ್ಲ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯದ ಕ್ರೀಡಾಕೂಟಕ್ಕೆ ಮದ್ದಿನ ಪರೀಕ್ಷಕರು ಬಂದ ಸುದ್ದಿ ಹರಡಿದಾಗ, ಪುರುಷರ 100 ಮೀಟರ್ ಅಂತಿಮ ಓಟಕ್ಕೆ ಒಬ್ಬನೇ ಒಬ್ಬ ತರುಣ ಬಂದು ನಿಂತನು. ಖಾಲಿ ಹಾದಿಗಳ ನಡುವೆ ಒಬ್ಬಂಟಿಯಾಗಿ ಓಡಿದ ಆ ಓಟ ನಮ್ಮೆಲ್ಲರಿಗೂ ಎಚ್ಚರಿಕೆಯಾಗಬೇಕು. ಜಾಗತಿಕ ಕೂಟಗಳಲ್ಲಿ ಕಾಣುವ ರೋಗ ಮೊಳೆಯುವುದು ಇಂತಹ ಸಣ್ಣ ಕೂಟಗಳಲ್ಲಿಯೇ.

ನಮ್ಮ ಸೀಮೆಯಲ್ಲಿ ಓಟಕ್ಕೆ ಕೊರತೆಯಿಲ್ಲ. ದೀಪಾವಳಿಯ ನಂತರ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಸರ ಕಟ್ಟಿದ ಹೋರಿಯ ಬೆನ್ನಟ್ಟಿ ಪ್ರಾಣವನ್ನೇ ಪಣವಿಡುವ ತರುಣರಿದ್ದಾರೆ. ಪೊಲೀಸ್ ಕೆಲಸದ ಆಸೆಯಿಂದ 1600 ಮೀಟರ್ ಓಟವನ್ನು ನಿತ್ಯ ಅಭ್ಯಾಸ ಮಾಡುವವರಿದ್ದಾರೆ. ಅವರಿಗೆ ಕೆಲವು ಸೆಕೆಂಡುಗಳ ಅಂತರ ಎಂದರೆ ಒಂದು ಮನೆಯ ಅನ್ನ. ಅಂಥವರ ಕಿವಿಯಲ್ಲಿ ಯಾರಾದರೂ ‘ಈ ಒಂದು ಗುಳಿಗೆ ಸಾಕು’ ಎಂದು ಪಿಸುಗುಟ್ಟಿದರೆ, ಬೇಡವೆನ್ನುವ ಬಲ ಎಲ್ಲಿಂದ ಬರಬೇಕು?

ಆ ಬಲದ ಒಂದು ಮೂಲ ನಮ್ಮ ಊರ ಬದಿಯಲ್ಲಿಯೇ ನಿಂತಿದೆ. ಬಳ್ಳಿಗಾವಿಯ ಸುತ್ತಮುತ್ತ, ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಊರೂರಿನಲ್ಲಿ ವೀರಗಲ್ಲುಗಳಿವೆ. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಶಾಸನ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಅನೇಕ ವೀರಗಲ್ಲುಗಳ ಪಾಠ ಸೇರಿದೆ. ಸಾಮಾನ್ಯವಾಗಿ ಕಲ್ಲಿನ ಕೆಳಗಿನ ಅಂತಸ್ತಿನಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ದೇವಕನ್ಯೆಯರು, ಮೇಲೆ ದೈವಸನ್ನಿಧಿಯಲ್ಲಿ ಕುಳಿತ ವೀರ. ಊರ ದನಗಳನ್ನು ಕಳ್ಳರು ಹೊಡೆದುಕೊಂಡು ಹೋಗುವಾಗ ಅಡ್ಡಗಟ್ಟಿ ಮಡಿದವರಿಗೂ ಇಂತಹ ಕಲ್ಲುಗಳನ್ನು ನಿಲ್ಲಿಸಿದರು. ಗಮನಿಸಿ, ಓದುಗರೇ: ಆ ಮನುಷ್ಯ ಬದುಕಿ ಮನೆಗೆ ಬರಲಿಲ್ಲ. ನಮ್ಮ ಇಂದಿನ ಲೆಕ್ಕದಲ್ಲಿ ಅವನು ಸೋತವನು. ಆದರೆ ಊರು ಅವನನ್ನು ಸೋತವನೆಂದು ಎಣಿಸಲಿಲ್ಲ. ಅವನು ಯಾರಿಗಾಗಿ ನಿಂತನು, ಹೇಗೆ ನಿಂತನು ಎಂಬುದನ್ನು ನೋಡಿ ಅವನ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸಿತು. ಪದಕಗಳ ಪಟ್ಟಿಯನ್ನು ತಿದ್ದಬೇಕಾಗಿ ಬಂದಿತು. ಆ ಗೌರವವನ್ನು ತಿದ್ದುವ ಅಗತ್ಯ ಯಾರಿಗೂ ಬೀಳಲಿಲ್ಲ.

ಸಂತ ಪೌಲರಿಗೂ ಕ್ರೀಡಾಂಗಣ ಅಪರಿಚಿತವಾಗಿರಲಿಲ್ಲ. ಅವರು ಪತ್ರ ಬರೆದ ಕೊರಿಂಥದ ಸಮೀಪದಲ್ಲೇ ಇಸ್ತಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಗೆದ್ದವರಿಗೆ ದೊರೆಯುತ್ತಿದ್ದುದು ಬಾಡಿಹೋಗುವ ಎಲೆಗಳ ಕಿರೀಟ. ಬಾಡುವ ಕಿರೀಟಕ್ಕಾಗಿಯೂ ಓಟಗಾರನು ಕೈಗೊಳ್ಳುವ ಸಂಯಮವನ್ನು ಅವರು ಮೆಚ್ಚಿದರು. ಗೆಲ್ಲುವಂತೆ ಓಡಿರೆಂದೇ ಹುರಿದುಂಬಿಸಿದರು. ಆದುದರಿಂದ ಗೆಲ್ಲುವ ಹಂಬಲ ಪಾಪವಲ್ಲ. ನಿಯಮದಂತೆ ಸ್ಪರ್ಧಿಸದವನಿಗೆ ಕಿರೀಟವಿಲ್ಲವೆಂಬ ಬೋಧನೆಯೂ ತಿಮೊಥೆಯನಿಗೆ ಬರೆದ ಪತ್ರದಲ್ಲಿದೆ. ಹಂಬಲ ಮತ್ತು ಪ್ರಾಮಾಣಿಕತೆ ಒಂದೇ ಓಟದ ಎರಡು ಕಾಲುಗಳು. ಒಂದೇ ಕಾಲಿನಲ್ಲಿ ದೂರ ಓಡಲಾಗದು.

ತಂದೆತಾಯಿಗಳೇ, ಶಿಕ್ಷಕರೇ, ಕ್ರೀಡಾಕೂಟದಿಂದ ಮಗು ಮನೆಗೆ ಬಂದಾಗ ‘ಎಷ್ಟನೆಯ ಸ್ಥಾನ?’ ಎಂದು ಕೇಳುವುದು ಸಹಜ. ಅದರ ಜೊತೆಗೆ ‘ನಿನ್ನ ಹಿಂದೆ ಬಂದವರು ಯಾರು? ಅವರೊಡನೆ ಮಾತನಾಡಿದೆಯಾ?’ ಎಂದೂ ಕೇಳಿರಿ. ಹಿಂದೆ ಓಡುವವನಿಗೂ ಒಂದು ಹೆಸರಿದೆ, ಒಂದು ಮನೆಯಿದೆ ಎಂದು ಅರಿತ ಮಗು ಅವನ ದಿನವನ್ನು ಕದಿಯಲು ಹಿಂಜರಿಯುತ್ತದೆ. ತರಬೇತುದಾರರು ಕೊಡುವ ಪುಡಿ, ಗುಳಿಗೆಗಳ ಡಬ್ಬಿಯನ್ನು ಕೇಳಿ ಪಡೆದು, ಅದರಲ್ಲಿ ಏನಿದೆಯೆಂದು ತಿಳಿದವರಿಂದ ಓದಿಸಿರಿ. ಕೇಳುವುದು ಗುರುವಿಗೆ ಮಾಡುವ ಅವಮಾನವಲ್ಲ. ನಾಲ್ಕನೆಯವನಾಗಿ ಶುದ್ಧವಾಗಿ ಓಡಿ ಬಂದ ಮಗನಿಗೆ ಆ ರಾತ್ರಿ ಮನೆಯಲ್ಲಿ ಹಬ್ಬದೂಟ ಬಡಿಸಿರಿ. ಯಾವ ಪರೀಕ್ಷೆಯೂ ಆ ಸಂತೋಷವನ್ನು ಅವನಿಂದ ಹಿಂದಕ್ಕೆ ಪಡೆಯಲಾರದು.