ಸಹನೆಯೂ ಕಾಯಕದ ಅಂಗವು

ಶಿವಶರಣರು ಕಾಯಕವನ್ನು ಪೂಜೆಯಿಂದ ಬೇರೆಯೆಂದು ಎಣಿಸಲಿಲ್ಲ. 12ನೆಯ ಶತಮಾನದಲ್ಲಿ ನುಲಿಯ ಚಂದಯ್ಯನು ಹಗ್ಗ ಹೊಸೆದನು. ಮೇದಾರ ಕೇತಯ್ಯನು ಬುಟ್ಟಿ ಹೆಣೆದನು. ಪೂಜೆಗೆ ಕುಳಿತಾಗ ಇರತಕ್ಕ ಏಕಾಗ್ರತೆಯು ಕೈಗೆಲಸದಲ್ಲಿಯೂ ಇರತಕ್ಕದ್ದೆಂಬುದು ಅವರ ಬಾಳಿನ ಪಾಠ. ಈ ಪಾಠವು ಇಂದಿನ ಗೃಹಸ್ಥನಿಗೆ ತನ್ನ ಅಂಗಳದಲ್ಲಿ ನಿಂತ ಮೋಟಾರು ಕಾರಿನ ಬಳಿಯಲ್ಲಿಯೂ ದೊರೆಯಬಲ್ಲುದು.

ಒಬ್ಬ ಗೃಹಸ್ಥನಲ್ಲಿ ತಂದೆಯ ಕಾಲದ ಅಂಬಾಸಡರ್ ಕಾರು ಇದೆಯೆಂದು ಭಾವಿಸಬಹುದು. ಆ ಕಾರಿನ ತಯಾರಿಕೆಯು 2014ರಲ್ಲಿಯೇ ನಿಂತುದರಿಂದ ಅದರ ಒಂದೊಂದು ಭಾಗವೂ ಜೋಪಾನ ಮಾಡತಕ್ಕದ್ದು. ಎಂಜಿನ್ನಿನ ಹೊಗೆಕೊಳವೆಯನ್ನು ಬಿಚ್ಚಲು ಅವನು ತೊಡಗುತ್ತಾನೆ, ಬೋಲ್ಟು ಮಿಸುಕುವುದಿಲ್ಲ. ಬಹುವರ್ಷ ಕಾದು ತಣಿದ ಉಕ್ಕಿಗೆ ತುಕ್ಕು ಹಿಡಿದಿದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಎಡೆಯನ್ನು ಬೇಡುವುದರಿಂದ ತಿರುಪಿನ ಸುತ್ತುಗಳು ಬಿಗಿದುಕೊಂಡಿವೆ. ಗೃಹಸ್ಥನು ಸಿಟ್ಟಿಗೆದ್ದು, ಪಾನಾಕ್ಕೆ ಉದ್ದನೆಯ ಕೊಳವೆಯನ್ನು ತೊಡಿಸಿ, ಮೈಭಾರವನ್ನೆಲ್ಲ ಹಾಕುತ್ತಾನೆ. ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ. ಬುಡವು ಒಳಗೇ ಉಳಿಯುತ್ತದೆ.

ಈ ಮುರಿತಕ್ಕೆ ತುಕ್ಕು ಅರ್ಧ ಕಾರಣ. ಇದರ ಬೆನ್ನಿಗೆ ಸಂಭವಿಸಬಹುದಾದ ಎರಡನೆಯ ಮುರಿತಕ್ಕೆ ಮನುಷ್ಯನ ಮನಸ್ಸೇ ಪೂರ್ಣ ಕಾರಣ. ಆದುದರಿಂದ ಮೊದಲು ಮಾಡತಕ್ಕದ್ದು, ಕೈಯ ಉಪಕರಣವನ್ನು ಕೆಳಗಿಡುವುದು. ಕಾರು ಭದ್ರವಾದ ಸ್ಟ್ಯಾಂಡುಗಳ ಮೇಲಿದೆಯೋ, ಬರಿಯ ಜಾಕಿನ ಮೇಲಿದೆಯೋ ನೋಡತಕ್ಕದ್ದು. ಜಾಕು ಜಾರಿದರೆ ಕೆಡುವುದು ಬೋಲ್ಟಲ್ಲ, ಕೆಳಗೆ ಮಲಗಿದ ಯಜಮಾನನ ಪ್ರಾಣ.

ಬಳಿಕ ತುಕ್ಕಿನೊಳಗೆ ಇಳಿಯುವ ತೆಳುವಾದ ಎಣ್ಣೆಯನ್ನು ಹನಿಸಿ, ಒಂದು ರಾತ್ರಿ ಬಿಡುವುದು ಮೇಲು. ಬುಡವು ತುಸು ಹೊರಚಾಚಿದ್ದರೆ, ಅದರ ಮೇಲೆ ನಟ್ಟನ್ನಿಟ್ಟು ವೆಲ್ಡಿಂಗ್ ಮಾಡಿಸಬಹುದು. ಬೆಸುಗೆಯ ಕಾವು ತುಕ್ಕಿನ ಹಿಡಿತವನ್ನು ಸಡಿಲಿಸುತ್ತದೆ. ಆದರೆ ಪೆಟ್ರೋಲಿನ ಸನಿಹದಲ್ಲಿ ಕಿಡಿಯು ಹಾರಬಾರದು. ಬುಡವು ಒಳಗೇ ಇದ್ದರೆ, ಅದನ್ನು ಸಮಮಾಡಿ, ಸರಿಯಾದ ನಡುವಿನಲ್ಲಿ ಗುರುತು ಕೊಟ್ಟು, ಕಣ್ಣಿಗೆ ಕನ್ನಡಕವಿಟ್ಟು, ಮೊದಲು ಸಣ್ಣ ರಂಧ್ರವನ್ನು ಕೊರೆಯಬೇಕು. ರಂಧ್ರವು ಓರೆಯಾದರೆ ಸುತ್ತಲಿನ ಎರಕವೇ ಕೆಡುತ್ತದೆ. ಅನಂತರ ಎಕ್ಸ್‌ಟ್ರಾಕ್ಟರ್ ಎಂಬ ಎಡಸುತ್ತಿನ ಉಪಕರಣವನ್ನು ರಂಧ್ರದಲ್ಲಿ ನಾಟಿ ಎಡಕ್ಕೆ ತಿರುಗಿಸುವರು. ಇದು ಬಹಳ ಗಡುಸಾದುದು, ಆದುದರಿಂದಲೇ ಪೆಡಸು. ಬಲಾತ್ಕಾರ ಮಾಡಿದರೆ ಇದೂ ಒಳಗೇ ಮುರಿಯುತ್ತದೆ. ಸಾಧಾರಣ ಡ್ರಿಲ್ಲು ಇದನ್ನು ಕೊರೆಯಲಾರದು. ಎರಡನೆಯ ಮುರಿತವೆಂದರೆ ಇದೇ.

ತನ್ನ ಕೈಯಳತೆಯನ್ನು ಅರಿತು ನಿಲ್ಲುವವನೇ ಇಲ್ಲಿ ಜಾಣನು. ಆದರೆ ಗ್ಯಾರೇಜಿನ ಮೇಸ್ತ್ರಿಯ ಬಳಿಗೆ ಹೋಗಲು ಗೃಹಸ್ಥನ ಅಭಿಮಾನವು ಅಡ್ಡ ಬರುತ್ತದೆ. ತಾನು ಪದವೀಧರನು, ಮೇಸ್ತ್ರಿಯು ಮಸಿಗೈಯವನು ಎಂಬ ಭಾವನೆಯೂ ಒಂದು ತುಕ್ಕೇ ಸರಿ. ಕಾಯಕದಲ್ಲಿ ಮೇಲುಕೀಳುಗಳಿಲ್ಲವೆಂದು ಸಭೆಯಲ್ಲಿ ತಲೆದೂಗಿದವನಿಗೆ ನಿಜವಾದ ಪರೀಕ್ಷೆಯು ಗ್ಯಾರೇಜಿನ ಬಾಗಿಲಲ್ಲಿದೆ. “ಯಜಮಾನರೇ, ಕಬ್ಬಿಣಕ್ಕೆ ಸಿಟ್ಟು ತಿಳಿಯುವುದಿಲ್ಲ, ಅದಕ್ಕೆ ಹೊತ್ತು ಕೊಡಿರಿ” ಎಂದು ಮೇಸ್ತ್ರಿಯು ಹೇಳಿದರೆ, ಅದನ್ನು ಗುರುವಿನ ಮಾತಿನಂತೆ ಕೇಳುವವನಿಗೆ ಕಾರಿನೊಡನೆ ಮನಸ್ಸೂ ದುರಸ್ತಿಯಾದೀತು.

ಮನೆಯ ಬಾಳುವೆಯೂ ಇದಕ್ಕೆ ಹೊರತಲ್ಲ. ಅಣ್ಣತಮ್ಮಂದಿರ ನಡುವೆ ಬಹುಕಾಲದ ಬೇಸರವು ತುಕ್ಕಿನಂತೆ ಹಿಡಿದಿರುತ್ತದೆ. ಒಂದೇ ದಿನ ಬಲದಿಂದ ತಿರುಗಿಸಲು ಹೋದವನು ಸಂಬಂಧವನ್ನೇ ಮುರಿಯುತ್ತಾನೆ. ಮೃದುವಚನವೆಂಬ ಎಣ್ಣೆಯನ್ನು ಹನಿಸಿ ಕಾಯುವವನಿಗೆ ಬಿಗಿದುದು ಸಡಿಲವಾಗುವ ಆಸೆಯುಂಟು.

ಹಳೆಯ ಬುಡವು ಹೊರಬಂದ ಮೇಲೆಯೂ ಕೆಲಸ ಮುಗಿಯಲಿಲ್ಲ. ಟ್ಯಾಪಿನಿಂದ ಸುತ್ತುಗಳನ್ನು ಶುದ್ಧಿಮಾಡಿ, ಕಾವಿಗೆ ತಾಳುವ ಲೇಪವನ್ನು ಸವರಿ, ಹೊಸ ಬೋಲ್ಟನ್ನು ಮಿತವಾಗಿ ಬಿಗಿಯಬೇಕು. ಮಿತಿಮೀರಿ ಬಿಗಿದರೆ ಹೊಸದೂ ಮುರಿಯುತ್ತದೆ. ಮುಂದೆಂದೋ ಅದನ್ನು ಬಿಚ್ಚುವವನು ಯಾರೋ ಏನೋ; ಆ ಕಾಣದ ಕೈಗಳಿಗೆ ಕಷ್ಟವಾಗದಂತೆ ಮಾಡಿದ ಕೆಲಸವೇ ಶಿವನಿಗೆ ಅರ್ಪಿತವಾದ ಕಾಯಕವು.